ಬೋರ್ಡು ಎಷ್ಟು ಬಳುಕಬೇಕು?

ಪ್ರಶ್ನೆ: ನಾನು ಮೈಸೂರಿನವಳು, ಈಗ ಅಮೆರಿಕದ ಡೆನ್ವರ್‌ನಲ್ಲಿದ್ದೇನೆ. ಎರಡೂ ಪಾದ ಕಟ್ಟಿಕೊಂಡು ಹಿಮದ ಮೇಲೆ ಜಾರುವ ಹಲಗೆ, ಸ್ನೋಬೋರ್ಡು, ಅದನ್ನು ಎರಡು ಚಳಿಗಾಲ ಬಾಡಿಗೆಗೆ ತಂದು ಕಲಿತು, ಇಳಿಜಾರಿನಲ್ಲಿ ಎಡಕ್ಕೂ ಬಲಕ್ಕೂ ಹೆದರದೆ ತಿರುಗುವಷ್ಟು ಬಂದಿದೆ. ಈ ಸಲ ಕೀಸ್ಟೋನ್ ಮತ್ತು ಬ್ರೆಕೆನ್‌ರಿಜ್ ಎಂಬ ಸ್ಕೀ ತಾಣಗಳ ಪಾರ್ಕುಗಳಲ್ಲಿ, ಅಂದರೆ ಬಾಕ್ಸು (ಮೇಲೆ ಜಾರಲು ಇಟ್ಟ ಉದ್ದನೆಯ ಪೆಟ್ಟಿಗೆ), ರೇಲು (ಉಕ್ಕಿನ ಕಂಬಿ), ಹಿಮದ ದಿಬ್ಬಗಳನ್ನು ಕಟ್ಟಿಟ್ಟಿರುವ ಕಡೆ, ಆಡಬೇಕೆಂಬ ಆಸೆಯಿದೆ. ಎತ್ತರ 160 ಸೆಂ.ಮೀ., ತೂಕ 55 ಕೆ.ಜಿ., ಬೂಟು ಮಹಿಳೆಯರ ಅಮೆರಿಕನ್ ಅಳತೆಯಲ್ಲಿ 7. ಅಂಗಡಿಯೊಂದರಲ್ಲಿ "ಗಡುಸಾದದ್ದನ್ನೇ ಕೊಳ್ಳಿ, ಕಲಿತ ಹಾಗೆಲ್ಲ ಒಗ್ಗುತ್ತದೆ" ಎಂದರು. ಗೆಳತಿ "ಸಿಕ್ಕಿದ್ದರಲ್ಲಿ ತೀರಾ ಮೆತ್ತಗಿರುವುದನ್ನು ತೆಗೆದುಕೋ" ಎನ್ನುತ್ತಾಳೆ. ಕಂಪನಿಗಳು 10ಕ್ಕೆ 2, 10ಕ್ಕೆ 4 ಎಂದು ಫ್ಲೆಕ್ಸ್ ಅಂಕ (ಕಡಿಮೆಯಾದಷ್ಟೂ ಬೋರ್ಡು ಮೆದು) ಕೊಟ್ಟಿರುತ್ತವೆ. ಯಾವುದನ್ನು ನಂಬಲಿ?
— ಓದುಗಿ, ಡೆನ್ವರ್

ಉತ್ತರ: ಅಂಗಡಿಯವರ ಮಾತನ್ನು ಬಿಟ್ಟುಬಿಡಿ, ಗೆಳತಿಯ ಮಾತಿನಲ್ಲಿ ಅರ್ಧವನ್ನು ಇಟ್ಟುಕೊಳ್ಳಿ. ನಿಮ್ಮ ತೂಕಕ್ಕೂ ನೀವು ಆಡಬೇಕೆಂದಿರುವ ಆಟಕ್ಕೂ ಮೆದು ಬೋರ್ಡೇ ಸರಿ. ಆದರೆ ಮೆದು ಎಂಬುದು ಒಂದೇ ಗುಣವಲ್ಲ, ಬೋರ್ಡಿನ ಎಲ್ಲ ಕಡೆ ಅದು ಒಂದೇ ಪ್ರಮಾಣದಲ್ಲಿ ಇರಬೇಕಾದದ್ದೂ ಅಲ್ಲ.

ಮೂತಿಯಿಂದ ಬಾಲದವರೆಗೆ ಉದ್ದಕ್ಕೆ ಬಾಗುವುದು ಒಂದು ಬಗೆ. ಒದ್ದೆ ಬಟ್ಟೆಯನ್ನು ಹಿಂಡಿದಂತೆ ಎರಡು ಪಾದಗಳ ನಡುವೆ ತಿರುಚಿಕೊಳ್ಳುವುದು ಇನ್ನೊಂದು ಬಗೆ. ಮೊದಲನೆಯದರಿಂದ ಬಾಕ್ಸಿನ ಮೇಲೆ ಪ್ರೆಸ್ ಮಾಡಲು (ಒಂದು ತುದಿಗೆ ಭಾರ ಹಾಕಿ ಇನ್ನೊಂದನ್ನು ಎತ್ತಿ ಜಾರಲು), ನೆಲದ ಮೇಲೆ ಬಟರ್ ಮಾಡಲು (ಹಾಗೆಯೇ ಒಂದು ತುದಿಯ ಮೇಲೆ ತಿರುಗಲು) ಅನುಕೂಲ. ಎರಡನೆಯದರಿಂದ ನಿಧಾನದ ವೇಗದಲ್ಲಿಯೂ ಮುಂದಿನ ಪಾದವನ್ನಷ್ಟೇ ಒತ್ತಿ ತಿರುವನ್ನು ಶುರುಮಾಡಲು ಬರುತ್ತದೆ, ಬಾಕ್ಸಿಗೆ ಹತ್ತುವ ಮುನ್ನ ಕೊನೆಯ ಗಳಿಗೆಯಲ್ಲಿ ದಿಕ್ಕನ್ನು ಸ್ವಲ್ಪ ತಿದ್ದಿಕೊಳ್ಳಲು ಬರುತ್ತದೆ. ಹಗುರ ಮೈಯವರಿಗೆ ಈ ಎರಡನೆಯ ಮೆದುತನದ ಬೆಲೆ ಹೆಚ್ಚು, ಆದರೆ ಕಂಪನಿ ಕೊಡುವ ಅಂಕದಲ್ಲಿ ಅದು ಬಹುಪಾಲು ಕಾಣುವುದೇ ಇಲ್ಲ.

ಬೋರ್ಡಿನ ಒಳಗೆ ಇರುವುದು ಮರದ ತಿರುಳು, ಸಾಮಾನ್ಯವಾಗಿ ಪಾಪ್ಲರ್ ಅಥವಾ ಪೌಲೋನಿಯಾ, ಕೆಲವದರಲ್ಲಿ ಬಿದಿರಿನ ಪಟ್ಟಿ. ಅದರ ಮೇಲೂ ಕೆಳಗೂ ಗಾಜಿನ ನಾರಿನ ಹಾಸು. ಈ ನಾರನ್ನು ಉದ್ದಕ್ಕೂ ಅಡ್ಡಕ್ಕೂ ಮಾತ್ರ ನೇಯ್ದಿದ್ದರೆ ಬೈಯಾಕ್ಸ್ ಎನ್ನುತ್ತಾರೆ. ಓರೆಯಾಗಿ ಎರಡು ದಿಕ್ಕಿಗೆ ನಾರು ಸೇರಿದರೆ ಅದು ಟ್ರೈಯಾಕ್ಸ್. ತಿರುಚುವಿಕೆಯನ್ನು ತಡೆಯುವುದು ಮುಖ್ಯವಾಗಿ ಆ ಓರೆ ನಾರು. ಆದ್ದರಿಂದ ಪಾರ್ಕಿಗೆಂದು ಕೊಳ್ಳುವಾಗ ವಿವರದಲ್ಲಿ ಬೈಯಾಕ್ಸ್ ಎಂದಿದೆಯೇ ನೋಡಿ. ಉದ್ದಕ್ಕೆ ಬಾಗುವುದನ್ನು ಮುಖ್ಯವಾಗಿ ತೀರ್ಮಾನಿಸುವುದು ತಿರುಳಿನ ದಪ್ಪ. ಒಂದೇ ಬಗೆಯ ಹಲಗೆಯ ದಪ್ಪ ಶೇಕಡಾ 10ರಷ್ಟು ಹೆಚ್ಚಿದರೆ ಅದರ ಗಡುಸು ಶೇಕಡಾ 33ರಷ್ಟು ಏರುತ್ತದೆ. ಕಣ್ಣಿಗೆ ಒಂದೇ ತರಹ ಕಾಣುವ ಎರಡು ಬೋರ್ಡುಗಳು ಕಾಲಡಿಯಲ್ಲಿ ಅಜಗಜಾಂತರವಾಗುವುದು ಹೀಗೆ.

ಇನ್ನು ಅಂಕದ ಮಾತು. ಎಲ್ಲ ಕಂಪನಿಗಳೂ ಒಪ್ಪಿಕೊಂಡ ಅಳತೆಗೋಲು ಅದಕ್ಕಿಲ್ಲ; ಪ್ರತಿಯೊಬ್ಬರೂ ತಮ್ಮದೇ ಬೋರ್ಡುಗಳನ್ನು ಒಂದರ ಪಕ್ಕ ಒಂದಿಟ್ಟು ಅಂಕ ಹಾಕುತ್ತಾರೆ. ಗುಂಟೂರಿನ ಹೋಟೆಲಿನ ‘ಮೀಡಿಯಂ ಖಾರ’ಕ್ಕೂ ಉಡುಪಿಯ ಹೋಟೆಲಿನ ‘ಮೀಡಿಯಂ ಖಾರ’ಕ್ಕೂ ಇರುವ ಅಂತರವೇ ಇಲ್ಲಿಯೂ ಇದೆ. ಒಂದೇ ಕಂಪನಿಯ ಎರಡು ಮಾದರಿಗಳನ್ನು ಹೋಲಿಸಲು ಅಂಕ ಸಾಕು, ಅದಕ್ಕಿಂತ ಹೆಚ್ಚಿನ ನಂಬಿಕೆ ಅದರ ಮೇಲೆ ಬೇಡ.

ನಂಬಬೇಕಾದದ್ದು ನಿಮ್ಮ ಕೈಯನ್ನು. ಅಂಗಡಿಯಲ್ಲಿ ಬೋರ್ಡಿನ ಬಾಲವನ್ನು ಜಮಖಾನೆಯ ಮೇಲೆ ಊರಿ, ಮೂತಿಯನ್ನು ಎಡಗೈಯಲ್ಲಿ ಹಿಡಿದು, ಬೋರ್ಡನ್ನು ಓರೆಯಾಗಿ ನಿಮ್ಮ ಕಡೆಗೆ ವಾಲಿಸಿ, ಬಲ ಅಂಗೈಯಿಂದ ನಡುವನ್ನು ಒತ್ತಿ ನೋಡಿ. ಎಷ್ಟು ಬಾಗಿತು ಎಂಬುದಕ್ಕಿಂತ ಎಲ್ಲಿ ಬಾಗಿತು ಎಂಬುದನ್ನು ಗಮನಿಸಿ. ಪಾರ್ಕಿಗೆ ಒಳ್ಳೆಯ ಬೋರ್ಡಿನಲ್ಲಿ ಬೈಂಡಿಂಗಿನ (ಬೂಟನ್ನು ಬೋರ್ಡಿಗೆ ಬಿಗಿಯುವ ಕಟ್ಟು) ತಿರುಪುಗಳಿಂದ ಆಚೆಗೆ, ಮೂತಿ ಮತ್ತು ಬಾಲದ ಕಡೆಗೆ, ಬಾಗು ಸಲೀಸಾಗಿ ಹರಿಯುತ್ತದೆ. ಪಾದಗಳ ನಡುವೆ ಸ್ವಲ್ಪ ಬಿಗಿ ಉಳಿದಿರುತ್ತದೆ. ನಡುವೆಯೇ ಮಡಿಸಿಕೊಳ್ಳುವ ಹಾಗಿದ್ದರೆ ಅದು ಮೆದುವಲ್ಲ, ಸಡಿಲ. ಕೈ ತೆಗೆದಾಗ ಬೋರ್ಡು ಚಟ್ಟನೆ ನೆಟ್ಟಗಾಗಬೇಕು, ಆಲಸ್ಯದಿಂದ ಹಿಂದಿರುಗಬಾರದು. ಆಮೇಲೆ ಬಾಲವನ್ನು ಎರಡು ಪಾದಗಳ ನಡುವೆ ಅದುಮಿ ಹಿಡಿದು, ಮೂತಿಯ ಎರಡು ಅಂಚನ್ನು ಎರಡು ಕೈಯಲ್ಲಿ ಹಿಡಿದು ತಿರುಚಿ. ನಿಮ್ಮ ಮಣಿಕಟ್ಟಿನ ಬಲಕ್ಕೆ ಅದು ಕಾಣುವಷ್ಟು ತಿರುಚಿಕೊಂಡರೆ ಹಿಮದ ಮೇಲೆ ನಿಮ್ಮ ಕಣಕಾಲಿನ ಬಲಕ್ಕೂ ತಿರುಚಿಕೊಳ್ಳುತ್ತದೆ. ಅಂಗಡಿಯ ಹುಡುಗ ವಿಚಿತ್ರವಾಗಿ ನೋಡಿದರೆ ನೋಡಲಿ.

ಗಡುಸು ಬೋರ್ಡಿಗೆ ಒಗ್ಗಿಕೊಳ್ಳಬಹುದೆಂಬ ಮಾತನ್ನು ನಾನೂ ಒಮ್ಮೆ ನಂಬಿದ್ದೆ. ನನ್ನ ಮೊದಲ ಬೋರ್ಡು 152 ಸೆಂ.ಮೀ. ಉದ್ದದ್ದು, ಬಾಗಿಲಿನ ಹಲಗೆಯಷ್ಟು ಗಡುಸು. ಹೆಸರು ಬೇಡ, ಮಾರಿದವರು ಹೇಳಿದ್ದೂ ನಿಮಗೆ ಹೇಳಿದ್ದೇ. ಅಗಲವಾದ, ನೆಲಕ್ಕೆ ಹತ್ತಿರವಿರುವ ಒಂದು ಬಾಕ್ಸಿನ ಮೇಲೆ ಬಾಲದ ಪ್ರೆಸ್ ಮಾಡಲು ಮೈಯನ್ನು ಹಿಂದಕ್ಕೆ ಹಾಕಿದೆ. ಬಾಲ ಬಾಗಲೇ ಇಲ್ಲ. ಇಡೀ ಬೋರ್ಡು ಹಿಂಗಾಲಿನ ಮೇಲೆ ಏತದಂತೆ ಎದ್ದು, ನನ್ನ ಕೆಳಗಿನಿಂದ ಮುಂದಕ್ಕೆ ಜಾರಿಕೊಂಡು ಹೋಯಿತು. ಸೊಂಟದ ಮೇಲಿನ ಕಲೆ ಬದನೆಕಾಯಿ ಬಣ್ಣದಿಂದ ಹಳದಿಗೆ ಬರಲು ಎರಡು ವಾರ ಬೇಕಾಯಿತು. ಆಗಿದ್ದೇನೆಂದು ಅರ್ಥವಾದದ್ದು ಮೆದು ಬೋರ್ಡಿನ ಮೇಲೆ ನಿಂತ ಮೇಲೆಯೇ: ಬಾಲ ಬಾಗಿದಾಗ ಅದರ ಒಂದು ಗೇಣಿನಷ್ಟು ಭಾಗ ಬಾಕ್ಸಿಗೆ ಮಟ್ಟಸವಾಗಿ ಅಂಟಿ ಕೂರುತ್ತದೆ, ಅದರ ಮೇಲೆ ನೀವು ನಿಲ್ಲುತ್ತೀರಿ. ಗಡುಸು ಬೋರ್ಡು ನಿಮಗೆ ಒಂದು ಗೆರೆಯನ್ನಷ್ಟೇ ಕೊಡುತ್ತದೆ, ಗೆರೆಯ ಮೇಲೆ ನಿಲ್ಲುವುದು ದೊಂಬರಾಟ.

ಹಾಗಾದರೆ ಗೆಳತಿಯ ಮಾತಿನಲ್ಲಿ ಬಿಡಬೇಕಾದ ಅರ್ಧ ಯಾವುದು? ತೀರಾ ಮೆದುವಾದ ಬೋರ್ಡು ದಿಬ್ಬದಿಂದ ಹಾರಿ ಇಳಿಯುವಾಗ ತೂಕ ಹಿಂದಕ್ಕೆ ಸ್ವಲ್ಪ ಸರಿದರೂ ಸಾಕು, ಬಾಲದಲ್ಲಿ ಕುಸಿದು ನಿಮ್ಮನ್ನು ಕೂರಿಸಿಬಿಡುತ್ತದೆ. ಕೊಲೊರಾಡೊದಲ್ಲಿ ಚಳಿಗಾಲದ ಆರಂಭದ ಬೆಳಗ್ಗೆಗಳಲ್ಲಿ ಯಂತ್ರದ ಹಿಮ ಕಲ್ಲಿನಂತೆ ಗಟ್ಟಿಯಾಗಿರುತ್ತದೆ, ಅಂಥ ನೆಲದಲ್ಲಿ ವೇಗ ಬಂದರೆ ಅದು ಪಟಪಟನೆ ಅದುರುತ್ತದೆ. ಓಲಿ ಹೊಡೆದು, ಅಂದರೆ ಬಾಲವನ್ನು ಬಾಗಿಸಿ ಅದರ ಪುಟಿತದಿಂದ, ಮೇಲೇಳಲು ಬೇಕಾದ ಚಿಮ್ಮುವಿಕೆಯೂ ಅದರಲ್ಲಿ ಕಡಿಮೆ. ಬಾಕ್ಸು, ರೇಲುಗಳಷ್ಟೇ ಆದರೆ ತೀರಾ ಮೆದುವಾದದ್ದು ನಡೆಯುತ್ತದೆ. ಡೆನ್ವರ್ ನಗರದೊಳಗೇ ಇರುವ ರೂಬಿ ಹಿಲ್ ರೇಲ್ ಯಾರ್ಡ್ ಅಂಥದ್ದು; ಹವೆ ಒದಗಿಬಂದ ದಿನಗಳಲ್ಲಿ ಅಲ್ಲಿ ಪ್ರವೇಶ ಉಚಿತ, ಲಿಫ್ಟಿಲ್ಲ, ಬೋರ್ಡು ಹೊತ್ತು ನಡೆದೇ ಹತ್ತಬೇಕು. ಆದರೆ ನೀವು ಕೀಸ್ಟೋನ್‌ನ ಏರಿಯಾ 51 ಎಂಬ ಪಾರ್ಕಿನಲ್ಲಿ ಸಣ್ಣ ಜಂಪುಗಳನ್ನೂ ಹಾರುತ್ತೀರಿ, ದಿನದ ಕೊನೆಗೆ ಗುಡ್ಡದ ಬುಡದವರೆಗೆ ಇಳಿದು ಬರಲೂ ಬೇಕು. ಆದ್ದರಿಂದ 10ಕ್ಕೆ 3 ಅಥವಾ 4 ಎಂದು ಕಂಪನಿ ಕರೆಯುವ, ನಿಮ್ಮ ಕೈಪರೀಕ್ಷೆಯಲ್ಲಿ ಮೂತಿ ಬಾಲಗಳು ಮಣಿದು ನಡು ಬಿಗಿಯಾಗಿ ಉಳಿಯುವ ಬೋರ್ಡು ನಿಮ್ಮದು.

ಟಿ.ವಿ.ಯಲ್ಲಿ ಒಲಿಂಪಿಕ್ಸ್ ನೋಡಿ ಅಳೆಯಬೇಡಿ. ರೇಲು, ಜಂಪುಗಳ ಸಾಲಿನಲ್ಲಿ ಕಸರತ್ತು ತೋರುವ ಸ್ಪರ್ಧೆ ಸ್ಲೋಪ್‌ಸ್ಟೈಲ್ 2014ರ ಸೋಚಿಯಲ್ಲಿ ಮೊದಲ ಬಾರಿಗೆ ಒಲಿಂಪಿಕ್ಸಿಗೆ ಬಂದಾಗಲೂ 2018ರಲ್ಲಿಯೂ ಮಹಿಳೆಯರ ಚಿನ್ನ ಗೆದ್ದ ಜೇಮಿ ಆಂಡರ್ಸನ್ ಹಾರುವ ಜಂಪುಗಳ ವೇಗಕ್ಕೂ ಎತ್ತರಕ್ಕೂ ನಮ್ಮ ಹಾರಾಟಕ್ಕೂ ಸಂಬಂಧವಿಲ್ಲ; ಅಂಥ ಇಳಿತಕ್ಕೆ ಹೆಚ್ಚು ಬಿಗಿಯಾದ ಬೋರ್ಡೇ ಬೇಕು.

ಬೋರ್ಡಿನ ಬೆನ್ನಿನ ಆಕಾರಕ್ಕೂ ಮೆದುತನಕ್ಕೂ ನಂಟಿದೆ. ನೆಲದ ಮೇಲಿಟ್ಟಾಗ ನಡು ಬಿಲ್ಲಿನಂತೆ ಮೇಲೆದ್ದಿದ್ದರೆ ಕ್ಯಾಂಬರ್; ತೊಟ್ಟಿಲಿನ ಕಾಲಿನಂತೆ ನಡು ಕೆಳಗಿದ್ದು ತುದಿಗಳು ಎದ್ದಿದ್ದರೆ ರಾಕರ್. ಕ್ಯಾಂಬರ್ ಚಿಮ್ಮುತ್ತದೆ, ಹಿಮವನ್ನು ಕಚ್ಚಿ ಹಿಡಿಯುತ್ತದೆ, ಆದರೆ ತುದಿಯ ಎಡ್ಜು (ಬೋರ್ಡಿನ ಅಂಚಿನ ಉಕ್ಕಿನ ಪಟ್ಟಿ) ನೆಲಕ್ಕೆ ಸಿಕ್ಕಿ ಮುಗ್ಗರಿಸುವ ಸಂಭವ ಹೆಚ್ಚು. ರಾಕರ್ ತಪ್ಪುಗಳನ್ನು ಮನ್ನಿಸುತ್ತದೆ, ಇಳಿತದಲ್ಲಿ ಮಾತ್ರ ಜಾರಿ ಸುತ್ತಿಕೊಳ್ಳುತ್ತದೆ. ನಿಮ್ಮಂಥವರಿಗೆ ನಾನು ಹೇಳುವುದು ಮಿಶ್ರ ಆಕಾರ: ಪಾದಗಳ ನಡುವೆಯೂ ಕೆಳಗೂ ಕ್ಯಾಂಬರ್, ತುದಿಗಳಲ್ಲಿ ಮಾತ್ರ ಸ್ವಲ್ಪ ಮೇಲೆತ್ತು. ಮಿಶ್ರ ಎಂಬ ಒಂದೇ ಹೆಸರಿನಲ್ಲಿ ಇದಕ್ಕೆ ತದ್ವಿರುದ್ಧವಾದದ್ದೂ ಮಾರಾಟವಾಗುತ್ತದೆ, ಅಂದರೆ ಪಾದಗಳ ನಡುವೆ ರಾಕರ್, ಪಾದದಡಿ ಕ್ಯಾಂಬರ್. ಬರ್ಟನ್ ಕಂಪನಿಯ ಫ್ಲೈಯಿಂಗ್ ವಿ ಈ ಎರಡನೆಯ ಜಾತಿಯದು. ಕೆಟ್ಟದ್ದಲ್ಲ, ಬಟರ್ ಮಾಡಲು ಬೆಣ್ಣೆಯೇ. ಜಂಪಿನ ಅಂಚಿನಿಂದ ಮೇಲೇಳುವಾಗ ಮಾತ್ರ ಕಾಲಡಿ ಕೊಂಚ ಸಡಿಲವೆನಿಸುತ್ತದೆ. ಹೆಸರು ನೋಡದೆ ಪಕ್ಕದಿಂದ ಚಿತ್ರ ನೋಡಿ ಕೊಳ್ಳಿ.

ಆಕಾರ ಟ್ವಿನ್ ಆಗಿರಲಿ, ಅಂದರೆ ಮೂತಿಯೂ ಬಾಲವೂ ಉದ್ದದಲ್ಲಿ, ಬಾಗುವಿಕೆಯಲ್ಲಿ ಒಂದೇ ತೆರನಾಗಿರಲಿ. ಬಾಕ್ಸಿನಿಂದ ತಿರುಗಿ ಇಳಿದ ಮೇಲೆ ಸ್ವಿಚ್‌ನಲ್ಲಿ, ಎಂದರೆ ಹಿಂಗಾಲು ಮುಂದಾಗಿ, ಓಡಬೇಕಾಗುತ್ತದೆ. ಒಂದೇ ದಿಕ್ಕಿಗೆಂದು ಮಾಡಿದ ಡೈರೆಕ್ಷನಲ್ ಬೋರ್ಡು ಆಗ ತಕರಾರು ಮಾಡುತ್ತದೆ. ಉದ್ದ ನಿಮಗೆ 142ರಿಂದ 145 ಸೆಂ.ಮೀ. ಸಾಕು, ಗುಡ್ಡವೆಲ್ಲ ಸುತ್ತುವ ಬೋರ್ಡಿಗಿಂತ ಎರಡು ಮೂರು ಸೆಂ.ಮೀ. ಗಿಡ್ಡ. ಗಲ್ಲದವರೆಗೆ ಬರಬೇಕೆಂಬ ಹಳೆಯ ಲೆಕ್ಕವನ್ನು ಮರೆಯಿರಿ, ಬೋರ್ಡನ್ನು ಬಾಗಿಸುವುದು ಎತ್ತರವಲ್ಲ, ತೂಕ. ಕಂಪನಿಯ ತೂಕದ ಪಟ್ಟಿಯಲ್ಲಿ 55 ಕೆ.ಜಿ. ನಡುಮಧ್ಯಕ್ಕೆ ಬೀಳುವ ಅಳತೆಯನ್ನು ಆರಿಸಿ.

ಕೊನೆಗೆ ಕ್ರಮದ ಮಾತು: ಮೊದಲು ಬೂಟು ಕೊಳ್ಳಿ, ಆಮೇಲೆ ಬೋರ್ಡು, ಆಮೇಲೆ ಬೈಂಡಿಂಗು. ಹಿಮ್ಮಡಿ ಮೇಲೇಳದ, ಬೆರಳು ತುದಿಗೆ ಸೋಕುವ, ಮೆದು ಬೂಟು. ಬೈಂಡಿಂಗು ಕೂಡ ಮೆದುವಾಗಿರದಿದ್ದರೆ ಮೆದು ಬೋರ್ಡಿಗೆ ಕೊಟ್ಟ ದುಡ್ಡು ನೀರಿಗೆ ಹಾಕಿದಂತೆ. ಮಣಿಕಟ್ಟಿನ ರಕ್ಷಕವನ್ನೂ ಹೆಲ್ಮೆಟ್ಟನ್ನೂ ಮರೆಯಬೇಡಿ. ಸ್ನೋಬೋರ್ಡಿನಲ್ಲಿ ಹೊಸಬರು ಹೆಚ್ಚಾಗಿ ಮುರಿದುಕೊಳ್ಳುವುದು ಮಣಿಕಟ್ಟನ್ನೇ. ಪಾರ್ಕಿನ ಬಾಯಲ್ಲಿ ಕಿತ್ತಳೆ ಬಣ್ಣದ ಅಂಡಾಕಾರದ ಫಲಕವಿರುತ್ತದೆ. ಸಣ್ಣದು ಎಂದು ಸೂಚಿಸಿದ ಕಡೆಯಿಂದಲೇ ಶುರುಮಾಡಿ.

ಪ್ರಶ್ನೆ: ನ್ಯೂಜೆರ್ಸಿಯಲ್ಲಿ ಓದುತ್ತಿದ್ದೇನೆ. ಅಣ್ಣನ ಹಳೆಯ 156 ಸೆಂ.ಮೀ. ಬೋರ್ಡು ಮನೆಯಲ್ಲೇ ಇದೆ. "ಮಹಿಳೆಯರ ಬೋರ್ಡೆಂದರೆ ಅದೇ ಬೋರ್ಡಿಗೆ ಹೂವಿನ ಚಿತ್ರ ಬಿಡಿಸಿದ್ದು, ಇದನ್ನೇ ಬಳಸು" ಎನ್ನುತ್ತಾನೆ. ಅವನದು 78 ಕೆ.ಜಿ., ನನ್ನದು 52. ಇಲ್ಲಿನ ಮೌಂಟನ್ ಕ್ರೀಕ್ ಸ್ಕೀ ತಾಣದ ಪಾರ್ಕಿಗೆ ಅದು ಆಗುವುದಿಲ್ಲವೇ?
— ವಿದ್ಯಾರ್ಥಿನಿ, ಎಡಿಸನ್

ಉತ್ತರ: ಹೂವಿನ ಚಿತ್ರದ ವಿಷಯದಲ್ಲಿ ನಿಮ್ಮ ಅಣ್ಣನ ಮಾತು ಪೂರ್ತಿ ಸುಳ್ಳಲ್ಲ, ಬೋರ್ಡಿನ ವಿಷಯದಲ್ಲಿ ಪೂರ್ತಿ ತಪ್ಪು. 78 ಕೆ.ಜಿ.ಯವರಿಗೆ ಮೆದು ಎನಿಸುವ ಬೋರ್ಡು 52 ಕೆ.ಜಿ.ಯವರಿಗೆ ಮೆದುವಾಗಿರುವುದಿಲ್ಲ. ಅದಕ್ಕಿಂತ ದೊಡ್ಡ ತೊಡಕು ಅಗಲದ್ದು. ಆ ಉದ್ದದ ಗಂಡಸರ ಬೋರ್ಡಿನ ಸೊಂಟ, ಅಂದರೆ ನಡುವಿನ ಅತಿ ಕಿರಿದಾದ ಕಡೆಯ ಅಗಲ, ಸಾಮಾನ್ಯವಾಗಿ 250 ಮಿ.ಮೀ. ಆಸುಪಾಸಿನಲ್ಲಿರುತ್ತದೆ, ಮಹಿಳೆಯರ ಪಾರ್ಕ್ ಬೋರ್ಡಿನದು 235ರಿಂದ 242 ಮಿ.ಮೀ. ಒಳಗೆ. ನಿಮ್ಮ ಪಾದ 24 ಸೆಂ.ಮೀ. ಇದ್ದರೆ, ಅಣ್ಣನ ಬೋರ್ಡಿನ ಮೇಲೆ ಬೆರಳಾಗಲಿ ಹಿಮ್ಮಡಿಯಾಗಲಿ ಎಡ್ಜಿನವರೆಗೆ ಬರುವುದಿಲ್ಲ. ಎಡ್ಜನ್ನು ಎತ್ತಲು ಪ್ರತಿ ಸಲ ಕಣಕಾಲಿನ ಬದಲು ಇಡೀ ಮೈಯನ್ನು ವಾಲಿಸಬೇಕಾಗುತ್ತದೆ, ಅಷ್ಟರಲ್ಲಿ ಬಾಕ್ಸು ಬಂದೇಬಿಟ್ಟಿರುತ್ತದೆ. ಬೂಟು ಹಾಕಿ ಬೋರ್ಡಿನ ಮೇಲೆ ನಿಂತು ನೋಡಿ: ಬೂಟಿನ ತುದಿ ಎರಡೂ ಕಡೆ ಎಡ್ಜಿನಿಂದ ಒಂದೊಂದು ಸೆಂ.ಮೀ.ಯಷ್ಟು ಹೊರಗೆ ಚಾಚಿದ್ದರೆ ಸರಿ. ಒಳಗೇ ಉಳಿದರೆ ಅಗಲ ಹೆಚ್ಚು. ಎರಡಕ್ಕಿಂತ ಹೆಚ್ಚು ಚಾಚಿದರೆ ತಿರುವಿನಲ್ಲಿ ಬೂಟು ಹಿಮಕ್ಕೆ ತಾಗಿ ಬೀಳಿಸುತ್ತದೆ.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಪಾದ 26 ಸೆಂ.ಮೀ. ದಾಟಿದ ಅಥವಾ 70 ಕೆ.ಜಿ. ತೂಗುವ ಮಹಿಳೆಗೆ ಗಂಡಸರ ಗಿಡ್ಡ ಪಾರ್ಕ್ ಬೋರ್ಡೇ ಚೆನ್ನಾಗಿ ಒಪ್ಪಬಹುದು. ಅಳತೆ ಮುಖ್ಯ, ಅಂಗಡಿಯ ಯಾವ ಗೋಡೆಗೆ ಅದನ್ನು ನೇತುಹಾಕಿದ್ದಾರೆ ಎಂಬುದಲ್ಲ. ಬೂಟಿನ ಮಾತು ಮಾತ್ರ ಬೇರೆ: ಹೆಂಗಸರ ಮೀನಖಂಡ ಸಾಮಾನ್ಯವಾಗಿ ಕೆಳಗಿನವರೆಗೆ ಇಳಿದಿರುವುದರಿಂದ ಅವರ ಬೂಟಿನ ಕತ್ತನ್ನು ತಗ್ಗಾಗಿ, ಅಗಲವಾಗಿ ಮಾಡಿರುತ್ತಾರೆ, ಅಲ್ಲಿ ಮಹಿಳೆಯರದ್ದನ್ನೇ ಮೊದಲು ಹಾಕಿ ನೋಡುವುದು ಒಳ್ಳೆಯದು.

ಪ್ರಶ್ನೆ: ಕ್ಯಾಲ್ಗರಿಯಲ್ಲಿದ್ದೇನೆ. ಹೊಸದಕ್ಕೆ ದುಡ್ಡು ಸುರಿಯುವ ಬದಲು ಒಬ್ಬರು ಬಳಸಿದ ಮಹಿಳೆಯರ ಪಾರ್ಕ್ ಬೋರ್ಡನ್ನು ಕೊಳ್ಳಬೇಕೆಂದಿದ್ದೇನೆ. ಏನೇನು ನೋಡಬೇಕು? ರೇಲಿಗಾಗಿ ಎಡ್ಜನ್ನು ಮೊಂಡು ಮಾಡಬೇಕಂತೆ, ನಿಜವೇ?
— ಓದುಗಿ, ಕ್ಯಾಲ್ಗರಿ

ಉತ್ತರ: ಬಳಸಿದ ಪಾರ್ಕ್ ಬೋರ್ಡನ್ನು ಕೊಳ್ಳುವಾಗ ಹುಷಾರಾಗಿರಿ, ಏಕೆಂದರೆ ಮೆದು ಎಂದು ಮಾರುವುದು ಕೆಲವೊಮ್ಮೆ ಬರೀ ಸತ್ತ ಬೋರ್ಡಾಗಿರುತ್ತದೆ. ನೂರಾರು ಸಲ ಬಾಗಿ ಬಾಗಿ ತಿರುಳಿನ ಮರವೂ ಅಂಟೂ ಸೋತಿರುತ್ತವೆ. ಕ್ಯಾಂಬರ್ ಬೋರ್ಡಾದರೆ ನೆಲದ ಮೇಲಿಟ್ಟು ನಡು ಎಷ್ಟು ಎದ್ದಿದೆ ನೋಡಿ. ಒತ್ತಿ ಬಿಟ್ಟಾಗ ಪುಟಿಯದಿದ್ದರೆ ಬೆಲೆ ಎಷ್ಟೇ ಕಡಿಮೆಯಿರಲಿ, ಬಿಟ್ಟುಬಿಡಿ. ತಳವನ್ನು ಬೆಳಕಿಗೆ ಓರೆಯಾಗಿ ಹಿಡಿದು, ಬೈಂಡಿಂಗುಗಳ ಹತ್ತಿರ ಅಡ್ಡಡ್ಡ ಗೆರೆಯೋ ಉಬ್ಬೋ ಇದೆಯೇ ನೋಡಿ, ಅಲ್ಲಿ ಒಳಗಿನ ಮರ ಮುರಿದಿರಬಹುದು. ಎಡ್ಜಿನ ಉಕ್ಕಿನ ಮೇಲೆ ಉಗುರು ಎಳೆದುಕೊಂಡು ಹೋಗಿ, ಸೀಳಿದ್ದ ಕಡೆ ಉಗುರು ತಡೆಯುತ್ತದೆ. ಸಣ್ಣ ಸೀಳೊಂದು ಪರವಾಗಿಲ್ಲ. ಎಡ್ಜು ಒಳಕ್ಕೆ ಕುಸಿದಿದ್ದರೆ ಅಥವಾ ಪದರ ಬಿಟ್ಟುಕೊಂಡಿದ್ದರೆ ಬೇಡ. ಬೈಂಡಿಂಗಿನ ತಿರುಪು ಕೂರುವ ಪ್ರತಿ ತೂತಿಗೂ ತಿರುಪು ಹಾಕಿ ನೋಡಿ. ಮಾರುವವರ ತೂಕವನ್ನು ಕೇಳುವುದು ಮರ್ಯಾದೆಯಲ್ಲ ಎನಿಸಬಹುದು, ಆದರೂ ಕೇಳಿ.

ತಳದ ಗೀರುಗಳಿಗೆ ತಲೆ ಕೆಡಿಸಿಕೊಳ್ಳಬೇಡಿ. ಪಾರ್ಕಿಗೆ ಎಕ್ಸ್‌ಟ್ರೂಡೆಡ್ ತಳವೇ ಲೇಸು: ಕರಗಿಸಿ ಹಾಳೆಯಾಗಿ ಎಳೆದ ಪಾಲಿಎಥಿಲೀನ್ ಅದು, ಅಗ್ಗ, ರೇಲಿನ ಗೀರನ್ನು ಮನೆಯಲ್ಲೇ ಪಿ-ಟೆಕ್ಸ್ ಎಂಬ ಪ್ಲಾಸ್ಟಿಕ್ ಕಡ್ಡಿ ಹೊತ್ತಿಸಿ ಹನಿಸಿ ತುಂಬಬಹುದು. ಪುಡಿಯನ್ನು ಬಿಸಿಯಲ್ಲಿ ಒತ್ತಿ ಮಾಡಿದ ಸಿಂಟರ್ಡ್ ತಳ ವೇಗದ್ದು, ಆದರೆ ವ್ಯಾಕ್ಸ್ ಕುಡಿಯುತ್ತಲೇ ಇರುತ್ತದೆ. ಎಡ್ಜಿನ ಪಕ್ಕ ಒಣಗಿದ ಚರ್ಮದಂತೆ ಬಿಳಿಚಿಕೊಂಡರೆ ವ್ಯಾಕ್ಸ್ ಹಾಕುವ ಹೊತ್ತಾಯಿತು ಎಂದರ್ಥ.

ಎಡ್ಜಿನ ವಿಷಯ ನಿಜ. ಹರಿತವಾದ ಎಡ್ಜು ರೇಲಿನ ಉಕ್ಕಿನಲ್ಲಿರುವ ಸಣ್ಣ ಮುಳ್ಳಿಗೆ ಸಿಕ್ಕಿದರೆ ಬೋರ್ಡು ಅಲ್ಲೇ ನಿಲ್ಲುತ್ತದೆ, ನೀವು ನಿಲ್ಲುವುದಿಲ್ಲ. ಮೂತಿ ಮತ್ತು ಬಾಲದ ಹತ್ತಿರ ಎಡ್ಜು ಹಿಮಕ್ಕೆ ತಾಗಲು ಶುರುವಾಗುವ ಜಾಗದಲ್ಲಿ ಕೆಲವು ಸೆಂ.ಮೀ., ಮತ್ತು ಪಾದಗಳ ನಡುವೆ ಹಗುರಾಗಿ, ಗಮ್ಮಿ ಕಲ್ಲಿನಿಂದ (ರಬ್ಬರಿನಂಥ ಸಾಣೆ ತುಂಡು) ಉಜ್ಜಿ ಮೂಲೆಯನ್ನು ದುಂಡಗೆ ಮಾಡಿ. ಪಾದಗಳ ಕೆಳಗಿನ ಭಾಗವನ್ನು ಮುಟ್ಟಬೇಡಿ. ಗಟ್ಟಿ ಹಿಮದ ದಿನ ಜಂಪಿನ ಕಡೆಗೆ ಓಡುವಾಗ ನಿಮ್ಮನ್ನು ಹಿಡಿದಿಡುವುದು ಅಷ್ಟೇ. ಒಮ್ಮೆ ತೆಗೆದ ಉಕ್ಕು ಮತ್ತೆ ಬರುವುದಿಲ್ಲವಾದ್ದರಿಂದ ಮೊದಲ ದಿನ ಸ್ವಲ್ಪವೇ ಉಜ್ಜಿ, ಆಡಿ ನೋಡಿ.

ಪ್ರಶ್ನೆ: ವಿದೇಶದಲ್ಲಿದ್ದಾಗ ಕೊಂಡ 143 ಸೆಂ.ಮೀ. ಮೆದು ಪಾರ್ಕ್ ಬೋರ್ಡು ನನ್ನ ಬಳಿ ಇದೆ. ಬೆಂಗಳೂರಿನಿಂದ ಫೆಬ್ರುವರಿಯಲ್ಲಿ ಗುಲ್ಮಾರ್ಗಕ್ಕೆ ಹೋಗುತ್ತಿದ್ದೇನೆ. ಹೊತ್ತುಕೊಂಡು ಹೋಗಲೇ?
— ಓದುಗಿ, ಬೆಂಗಳೂರು

ಉತ್ತರ: ಕೆಳಗಿನ ಬಟ್ಟಲಿನ ಮೆತ್ತನೆಯ ಇಳಿಜಾರುಗಳಲ್ಲೇ ಆಡುವುದಾದರೆ ಒಯ್ಯಿರಿ, ಬಟರ್ ಮಾಡಲು ಸೊಗಸಾದ ಜಾಗ. ಗೊಂಡೊಲಾ (ರೋಪ್‌ವೇ) ಹತ್ತಿ ಅಫರ್ವಾತ್ ಬೆಟ್ಟಕ್ಕೆ ಹೋಗುವ ಯೋಚನೆಯಿದ್ದರೆ ಮನೆಯಲ್ಲೇ ಬಿಡಿ. ಗುಲ್ಮಾರ್ಗದ ಹೆಸರಿರುವುದು ಪಾರ್ಕಿಗಲ್ಲ, ಆಳವಾದ ಪುಡಿಹಿಮಕ್ಕೆ. ಅಂಥ ಹಿಮದಲ್ಲಿ ಗಿಡ್ಡ ಟ್ವಿನ್ ಬೋರ್ಡಿನ ಮೂತಿ ಮುಳುಗುತ್ತದೆ, ಮುಳುಗದಂತೆ ಹಿಂಗಾಲಿನ ಮೇಲೆ ಕುಳಿತು ಅರ್ಧ ಗಂಟೆಯಲ್ಲಿ ತೊಡೆ ಉರಿಯತೊಡಗುತ್ತದೆ. ಅಲ್ಲಿ ಬೇಕಾದದ್ದು ಉದ್ದದ, ಮೂತಿ ಅಗಲವಾದ ಬೋರ್ಡು. ಅದನ್ನು ಗುಲ್ಮಾರ್ಗದಲ್ಲಿಯೇ ಬಾಡಿಗೆಗೆ ಪಡೆಯಿರಿ. ಮೇಲಿನ ಇಳಿಜಾರುಗಳಲ್ಲಿ ಹಿಮಕುಸಿತದ ಅಪಾಯವಿರುವುದರಿಂದ ಸ್ಥಳೀಯ ಮಾರ್ಗದರ್ಶಕರಿಲ್ಲದೆ ಹೋಗುವುದು ಬೇಡ. ನಿಮ್ಮದೇ ಬೂಟನ್ನು ಮಾತ್ರ ಖಂಡಿತ ಒಯ್ಯಿರಿ, ವಿಮಾನದಲ್ಲಿ ಕೈಚೀಲದ ಜತೆಗೇ ಇಟ್ಟುಕೊಳ್ಳಲು ಬಿಟ್ಟರೆ ಇನ್ನೂ ಒಳ್ಳೆಯದು. ಬಾಡಿಗೆಯ ಬೋರ್ಡು ಹೇಗೋ ನಡೆಯುತ್ತದೆ, ಇನ್ನೊಬ್ಬರ ಕಾಲಿಗೆ ಒಗ್ಗಿದ ಒದ್ದೆ ಬೂಟು ನಡೆಯುವುದಿಲ್ಲ.